ತಿರುಗಿ ಸುರಿದ ಒಂದು ಪಾಲು

ನಲವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಗಂಗಾವತಿಯ ದವಾಖಾನೆಯೊಂದರಲ್ಲಿ ಕಂಪೌಂಡರ್ ಆಗಿದ್ದೆ. ಔಷಧಿ ಕಲಸುವುದು, ಸೀಸೆಗೆ ತುಂಬುವುದು, ಗುರುತು ಅಂಟಿಸುವುದು ನನ್ನ ಕೆಲಸ. ಗುರುತೆಂದರೆ ಕಾಗದದ ಪಟ್ಟಿ. ಅದನ್ನು ಮೂರು ಸಲ ಮಡಚಿ ಅಂಚು ಕತ್ತರಿಸಿದರೆ ಎಂಟು ಸಮ ಪಾಲುಗಳಾಗುತ್ತಿದ್ದವು. ಸೀಸೆಯ ಮೈಗೆ ಅದನ್ನು ಅಂಟಿಸಿಕೊಟ್ಟರೆ ಓದು ಬಾರದವರೂ ಹೊತ್ತಿಗೊಂದು ಪಾಲು ಅಳೆದು ಕುಡಿಯುತ್ತಿದ್ದರು. ನಾನು ಸ್ವಭಾವತಃ ಪುಕ್ಕಲ. ಬೀಗ ಹಾಕಿದ ಮೇಲೂ ಜಗ್ಗಿ ಜಗ್ಗಿ ನೋಡುವವನು.

ಒಂದು ಮುಂಜಾನೆ ಡಾಕ್ಟರ್ ಸಾಹೇಬರು ಕನಕಗಿರಿಗೆ ಹೋಗಿದ್ದರು. ಪಕ್ಕದ ಓಣಿಯ ಶಿವಪ್ಪ ಮೂರು ವರ್ಷದ ಮಗಳು ಗೌರಿಯನ್ನು ಹೆಗಲಿಗೆ ಹಾಕಿಕೊಂಡು ಓಡಿಬಂದ. ದಲ್ಲಾಳಿ ಅಂಗಡಿಯ ಗುಮಾಸ್ತ, ಬಾಯಿಲೆಕ್ಕದಲ್ಲಿ ಗಟ್ಟಿಗ. ಹಿಂದೆಯೇ ಹೆಂಡತಿ ನೀಲವ್ವ, ಕೈಯಲ್ಲಿ ಸೀಸೆ. ಜ್ವರದಿಂದ ಎದ್ದಿದ್ದ ಅವಳಿಗೆ ಹಿಂದಿನ ಸಂಜೆ ನಾನೇ ತುಂಬಿಕೊಟ್ಟಿದ್ದ ಟಾನಿಕ್ ಅದು. ಈಗಷ್ಟೇ ಮಗು ಅದನ್ನು ಕುಡಿದಿತ್ತು.

ಸೀಸೆ ಗುರುತಿಸಿದೊಡನೆ ಅದನ್ನು ಕಸಿದು ಬೆಳಕಿಗೆ ಹಿಡಿದೆ. ಅದರಲ್ಲಿ ಸ್ಟ್ರಿಕ್ನಿನ್ ಇತ್ತು. ಕಾಸರಕದ ಬೀಜದಿಂದ ತೆಗೆಯುವ ವಿಷ. ದೊಡ್ಡವರಿಗೆ ಅಳತೆಯಲ್ಲಿ ಕೊಟ್ಟರೆ ಶಕ್ತಿ, ಕೂಸಿಗೆ ಹೆಚ್ಚಾದರೆ ಸೆಳೆತ, ಸಾವು. ಒಂದು ಪಾಲಾದರೆ ಇದ್ದಿಲ ಪುಡಿ ಕುಡಿಸಿ ಕಾಯಬಹುದಿತ್ತು. ಅದಕ್ಕಿಂತ ಹೆಚ್ಚಾಗಿದ್ದರೆ ತಕ್ಷಣ ರಬ್ಬರ್ ನಳಿಗೆ ಇಳಿಸಿ ಹೊಟ್ಟೆ ತೊಳೆಯಬೇಕು. ಸೆಳೆತ ಶುರುವಾದರೆ ನಳಿಗೆಯೇ ಅಪಾಯ.

“ನೀವೆಷ್ಟು ಕುಡದ್ರಿ?” ಎಂದೆ.

“ರಾತ್ರಿ ಮರತಿದ್ನಿ ಅಂತ ಮುಂಜಾನಿ ಎರಡು ಪಾಲು ಬಟ್ಟಲಕ್ಕ ಸುರಕೊಂಡಿದ್ನಿರಿ,” ನೀಲವ್ವ ಬಿಕ್ಕುತ್ತಿದ್ದಳು. “ಒಮ್ಮೆಲೆ ಎರಡು ಬ್ಯಾಡ ಅಂದ್ರು ಅತ್ತಿ. ಒಂದು ತಿರುಗಿ ಸೀಸೆದಾಗ ಹಾಕಿದ್ನಿ.”

ಶಿವಪ್ಪ ಅಷ್ಟರಲ್ಲೇ ಲೆಕ್ಕ ಮುಗಿಸಿದ. “ಎಂಟರಾಗ ನಾಕು ಉಳದಾವ, ನಾಕು ಹೋಗ್ಯಾವ. ಇಕಿದು ಎರಡು, ಮ್ಯಾಲ ಒಂದು, ಮೂರಾತು. ಕೂಸು ಕುಡದದ್ದು ಒಂದ ಪಾಲು ಐತ್ರಿ.”

ನನಗೂ ಅದೇ ಉತ್ತರ ಬೇಕಾಗಿತ್ತು. ಇದ್ದಿಲಿನ ಡಬ್ಬಿಗೆ ಕೈಯನ್ನೂ ಹಾಕಿದೆ. ಆದರೆ ಜೀವ ತಡೆಯಲಿಲ್ಲ. ಅದೇ ಅಳತೆಯ, ಪಟ್ಟಿ ಅಂಟಿಸಿದ್ದ ಖಾಲಿ ಸೀಸೆಗೆ ನೀರು ತುಂಬಿ ನೀಲವ್ವನ ಕೈಗಿಟ್ಟೆ.

“ಮುಂಜಾನಿ ಹ್ಯಾಂಗ ಮಾಡಿದ್ರಿ, ಹಂಗ ಮಾಡಿ ತೋರಸ್ರಿ ತಂಗಿ. ಲಗೂನ.”

ಅವಳು ಎರಡು ಪಾಲು ಸುರಿದಳು. ನೀರು ಆರಕ್ಕಿಳಿಯಿತು. ಒಂದನ್ನು ತಿರುಗಿ ಹಾಕಿದಳು. ನೀರು ಏಳಕ್ಕೇರಿತು. ಎರಡೂ ಸೀಸೆಗಳನ್ನು ಪಕ್ಕಪಕ್ಕ ಇಟ್ಟೆ. ಒಂದರಲ್ಲಿ ಏಳು, ಇನ್ನೊಂದರಲ್ಲಿ ನಾಲ್ಕು. ಮಗುವಿನ ಹೊಟ್ಟೆಯಲ್ಲಿದ್ದದ್ದು ಮೂರು ಪಾಲು.

ಶಿವಪ್ಪನ ಮುಖ ಬಿಳಿಚಿಕೊಂಡಿತು. “ನಳಗಿ ಹಾಕಿದ್ರ ಕೂಸಿಗೆ ಏನರ ಆದ್ರ?”

“ಹಾಕದಿದ್ರ ಆಗತೈತಿ, ಶಿವಪ್ಪಾರ. ಕಾಲು ಗಟ್ಟಿ ಹಿಡೀರಿ.”

ಸಾಹೇಬರು ನಳಿಗೆ ಇಳಿಸುವುದನ್ನು ನೋಡಿದ್ದೆ, ಕೈಜೋಡಿಸಿದ್ದೆ, ಒಬ್ಬನೇ ಮಾಡಿರಲಿಲ್ಲ. ಮಗು ಚೀರಿತು, ಕೊಸರಿತು. ನೀರು ತಿಳಿಯಾಗುವವರೆಗೆ ತೊಳೆದು ಇದ್ದಿಲು ಇಳಿಸಿದೆ. ಈ ವಿಷ ಏರಿದವರಿಗೆ ಸದ್ದು, ಬೆಳಕು, ಮುಟ್ಟುವುದು ಯಾವುದೂ ಆಗದು, ಸೆಳೆತ ಬರುತ್ತದೆ. ಕಿಟಕಿಗಳಿಗೆ ಕಂಬಳಿ ಕಟ್ಟಿದೆವು. ಶಿವಪ್ಪ ಬೀದಿಗೆ ಹೋಗಿ, ಬರುವ ಗಾಡಿಗಳನ್ನೆಲ್ಲ ಕೈಮುಗಿದು ಬೇರೆ ದಾರಿಗೆ ತಿರುಗಿಸುತ್ತಿದ್ದ. ಒಮ್ಮೆ ಬಾಗಿಲು ಕಿರುಗುಟ್ಟಿದಾಗ ಮಗುವಿನ ಕಾಲುಗಳು ಸೆಟೆದವು. ನೀಲವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಹೇಮಗುಡ್ಡದ ದುರ್ಗವ್ವನನ್ನು ನೆನೆದಳು. ನನಗೆ ದೇವರ ಹೆಸರೂ ನೆನಪಾಗಲಿಲ್ಲ.

ಕಾಲುಗಳು ಸಡಿಲಾದವು. ಮತ್ತೆ ಸೆಟೆಯಲಿಲ್ಲ. ಸಾಹೇಬರು ಬರುವ ಹೊತ್ತಿಗೆ ಮಗು, “ಅವ್ವಾ, ನೀರು,” ಎಂದಿತ್ತು. ನಾನು ಹಿತ್ತಲಿಗೆ ಹೋಗಿ ಅತ್ತೆ.

ನಮ್ಮ ಸೀಸೆಯ ಎಂಟರಂತೆ ಛೇದ ಒಂದೇ ಆಗಿದ್ದರೆ ಭಿನ್ನರಾಶಿ ಕಳೆಯುವುದು ಸುಲಭ. ಎಂಟನ್ನು ಹಾಗೇ ಬಿಟ್ಟು ಮೇಲಿನ ಅಂಶಗಳನ್ನು ಕಳೆದರಾಯಿತು. ಆದರೆ ಕಳೆಯುವ ಮೊತ್ತದೊಳಗೇ ಇನ್ನೊಂದು ಕಳೆಯುವುದು ಇದ್ದರೆ, ಅದು ಹೊರಬರುವಾಗ ಕೂಡಿಕೆಯಾಗುತ್ತದೆ. ನಾಲ್ಕರಲ್ಲಿ ನೀಲವ್ವನ ಎರಡು ಕಳೆದು, ಅವಳು ತಿರುಗಿ ಸುರಿದ ಒಂದನ್ನು ಕೂಡಿಸಬೇಕಿತ್ತು. ಗಾಬರಿಯಲ್ಲಿ ನಮಗೆ ಬೇಕಾದ ಉತ್ತರವೇ ಮೊದಲು ಹೊಳೆಯುತ್ತದೆ. ಅದನ್ನೇ ಮೊದಲು ಅನುಮಾನಿಸಬೇಕು. ಇದು ದವಾಖಾನೆ ಕಲಿಸಿದ ಪಾಠ.

ಈಗ ಮೊಮ್ಮಗಳು ಬೀಜಗಣಿತದ ಲೆಕ್ಕ ಮಾಡುತ್ತಾಳೆ. ಆವರಣದ ಹಿಂದೆ ಮೈನಸ್ ಕಂಡರೆ ನನಗೆ ಸುಮ್ಮನಿರಲಾಗದು.

“ಒಳಗಿಂದಕ್ಕೂ ಚಿಹ್ನೆ ಬದಲಿ ಮಾಡಿದಿ ಏನವ್ವ?”

“ಮಾಡೀನಿ ಅಜ್ಜಾ. ತಪ್ಪಿದ್ರ ಒಂದು ಮಾರ್ಕು ಹೋಗತೈತಿ, ಅಷ್ಟ.”

“ಇನ್ನೊಮ್ಮೆ ನೋಡು,” ಎನ್ನುತ್ತೇನೆ.