ಯಾವ ಕಾಲು ಮುಂದೆ?

ಕಳೆದ ತಿಂಗಳು ಒಬ್ಬ ಹೆಂಗಸು ನನ್ನನ್ನು ಹಿಂದಿನಿಂದ ದಬ್ಬಿದಳು.

ಜಗಳವಲ್ಲ. ಕ್ಯೂನಲ್ಲಿ ನುಗ್ಗಾಟವೂ ಅಲ್ಲ. ಹಿಮದ ಗುಡ್ಡವೊಂದರ ಬುಡದಲ್ಲಿ, ನಲವತ್ತೇಳು ವರ್ಷದ ನಾನು ಬಾಡಿಗೆ ಬೂಟು, ಮಗಳ ಹಳೇ ಹೆಲ್ಮೆಟ್ಟು, ಗಂಡನ ಸ್ನೋ ಪ್ಯಾಂಟು ಹಾಕಿಕೊಂಡು ನನ್ನ ಪಾಡಿಗೆ ನಿಂತಿದ್ದೆ. ಆಕೆ ಬೆನ್ನ ಹಿಂದೆ ಬಂದು, ಎರಡೂ ಭುಜಕ್ಕೆ ಕೈಯಿಟ್ಟು, ಒಂದು ನೂಕು ನೂಕಿದಳು. ನಾನು "ಅಯ್ಯಮ್ಮಾ!" ಅಂತ ಕೂಗಿಕೊಂಡು ಬಲಗಾಲು ಮುಂದಿಟ್ಟು ಹೇಗೋ ನಿಂತೆ.

"ಗೂಫಿ!" ಎಂದಳು ಆಕೆ, ಬಹಳ ಸಂತೋಷದಿಂದ.

ದಬ್ಬಿದ್ದಲ್ಲದೆ ಪೆದ್ದಿ ಅಂತ ಹೆಸರು ಬೇರೆ ಇಡುವುದೇ?

ಆಕೆ ಮಾರ್ಗರೆಟ್. ನನ್ನ ಸ್ನೋಬೋರ್ಡಿಂಗ್ ಟೀಚರ್. ತಲೆಯೆಲ್ಲ ಬೆಳ್ಳಗಾಗಿದೆ. ಐವತ್ತು ದಾಟಿದ ಮೇಲೆ ಕಲಿತದ್ದಂತೆ. ಎರಡು ಮಂಡಿಗಳಲ್ಲಿ ಒಂದು ಸ್ವಂತದ್ದು, ಇನ್ನೊಂದು ಡಾಕ್ಟರು ಹಾಕಿದ್ದು. ಅಂಥಾಕೆಯ ಮುಂದೆ "ನಂಗೆ ವಯಸ್ಸಾಯ್ತು" ಅಂತ ರಾಗ ಎಳೆಯಲು ಯಾವ ಮುಖ ಇಟ್ಟುಕೊಂಡು ಹೋಗಲಿ?

ವಿಷಯ ಇಷ್ಟೇ. ಸ್ಕೀಯಿಂಗಿನಲ್ಲಿ ಕಾಲಿಗೊಂದರಂತೆ ಎರಡು ಹಲಗೆ. ಸ್ನೋಬೋರ್ಡಿನಲ್ಲಿ ಒಂದೇ ಹಲಗೆ, ಅದರ ಮೇಲೆ ಎರಡೂ ಪಾದಗಳನ್ನು ಅಡ್ಡಡ್ಡ ಇಟ್ಟು ಪಟ್ಟಿ ಬಿಗಿಯುತ್ತಾರೆ. ಜಾರುವಾಗ ಒಂದು ಕಾಲು ಮುಂದಿರಲೇಬೇಕು. ಎಡಗಾಲು ಮುಂದಿದ್ದರೆ ಅವರು ರೆಗ್ಯುಲರ್. ಬಲಗಾಲು ಮುಂದಿದ್ದರೆ ಗೂಫಿ. ಯಾರು ಯಾವುದು ಅಂತ ಕೇಳಿ ತಿಳಿಯುವ ಹಾಗಿಲ್ಲ, ಕೇಳಿದರೆ ಜನ ಯೋಚನೆ ಮಾಡುತ್ತಾರೆ. ಅದಕ್ಕೇ ಹೇಳದೆ ಕೇಳದೆ ದಬ್ಬುವುದು. ಬೀಳುವವರನ್ನು ಉಳಿಸಲು ಯಾವ ಕಾಲು ತಾನಾಗಿ ಮುಂದೆ ಬರುತ್ತದೋ ಅದೇ ಅವರ ಕಾಲು.

"ಯುವರ್ ಬಾಡಿ ನೋಸ್, ಡಿಯರ್" ಎಂದಳು ಮಾರ್ಗರೆಟ್.

ನನ್ನ ತಲೆ ಕೆಟ್ಟದ್ದು ಅಲ್ಲಿಂದ. ಮೈಗೆ ಗೊತ್ತಂತೆ. ಯಾರ ಮೈಗೆ? ಮೈಸೂರಿನ ನಮ್ಮ ಅಮ್ಮ ನನ್ನನ್ನು ಬೆಳೆಸಿದ್ದೇ "ಬಲಗಾಲು, ಬಲಗಾಲು" ಅಂತ. ಪರೀಕ್ಷೆಗೆ ಹೊರಟರೆ ಬಲಗಾಲು. ಹೊಸ ಮನೆ, ಹೊಸ ಕೆಲಸ, ಹೊಸ ಬಾಡಿಗೆ ರೂಮು, ಎಲ್ಲಕ್ಕೂ ಬಲಗಾಲು. ಮರೆತು ಎಡಗಾಲಿಟ್ಟರೆ ವಾಪಸು ಕರೆದು, ಒಂದು ಲೋಟ ನೀರು ಕುಡಿಸಿ, ಮತ್ತೆ ಹೊರಡಿಸುತ್ತಿದ್ದಳು. (ಕೆನಡಾಕ್ಕೆ ಬಂದ ದಿನ ವಿಮಾನದ ಬಾಗಿಲಲ್ಲಿ ನಾನು ಕಾಲು ಬದಲಿಸಲು ನಿಂತು, ಹಿಂದಿನವರ ಸೂಟ್‌ಕೇಸು ಹಿಮ್ಮಡಿಗೆ ಬಡಿದದ್ದು ಬೇರೆ ಕಥೆ.) ಹಾಗಾದರೆ ಅವತ್ತು ಹಿಮದಲ್ಲಿ ಮುಂದೆ ಬಂದದ್ದು ನನ್ನ ಕಾಲೋ, ನಮ್ಮಮ್ಮನ ಕಾಲೋ?

ಇದನ್ನೆಲ್ಲ ಮಾರ್ಗರೆಟ್‌ಗೆ ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? "ಓಕೆ" ಎಂದೆ.

"ಅಲ್ಲಾ ಕಣಮ್ಮ, ನಿನಗ್ಯಾಕೆ ಬೇಕಿತ್ತು ಈ ಉಸಾಬರಿ?" ಅಂತ ನೀವು ಕೇಳುತ್ತೀರಿ. ಹೇಳುತ್ತೇನೆ.

ನನ್ನ ಮಗಳು ಇಳಾ. ಹದಿನಾಲ್ಕು ವರ್ಷ. ಆರನೇ ವಯಸ್ಸಿಗೆ ಸ್ಕೇಟ್‌ಬೋರ್ಡು ಹತ್ತಿದಳು, ಎಂಟಕ್ಕೆ ಸ್ನೋಬೋರ್ಡು. ಬಿದ್ದದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕಲಿತಳು. ಆ ವಯಸ್ಸಿಗೆ ನೆಲ ಎಷ್ಟು ಹತ್ತಿರ ನೋಡಿ! ಅಂದಿನಿಂದ ಚಳಿಗಾಲದ ಶನಿವಾರಗಳಲ್ಲಿ ನಾನು ಅವಳನ್ನು ಗುಡ್ಡಕ್ಕೆ ಕರೆದುಕೊಂಡು ಹೋಗುತ್ತೇನೆ. ಅವಳು ಮೇಲೆ ಹೋಗುತ್ತಾಳೆ. ನಾನು ಕೆಳಗಿನ ಕ್ಯಾಂಟೀನಿನಲ್ಲಿ ಅಮ್ಮಂದಿರ ಟೇಬಲ್ಲಿನಲ್ಲಿ ಕೂರುತ್ತೇನೆ.

ಈ ಟೇಬಲ್ಲಿನ ಬಗ್ಗೆ ಹೇಳಲೇಬೇಕು. ಜಾಕೆಟ್ಟು, ಬ್ಯಾಗು, ಒದ್ದೆ ಗ್ಲೌಸುಗಳ ರಾಶಿ. ಅದರ ಸುತ್ತ ಕಾವಲಿಗೆ ನಾವು. ಒಬ್ಬರ ಡಬ್ಬಿಯಲ್ಲಿ ಥೇಪ್ಲಾ, ಒಬ್ಬರದರಲ್ಲಿ ಪರಾಠಾ, ನನ್ನದರಲ್ಲಿ ಒಗ್ಗರಣೆ ಅವಲಕ್ಕಿ. "ಬೈಠೋ ಜೀ, ಬೈಠೋ" ಅಂತ ಜಾಗ ಮಾಡಿಕೊಡುತ್ತಾರೆ. ಒಳ್ಳೆಯ ಜನ. ಆದರೆ ಕಿಟಕಿಯಿಂದ ನೋಡಿದರೆ ಗುಡ್ಡದ ಮೇಲೆ ಎಲ್ಲರೂ ಇರುವೆ ಗಾತ್ರ. ಇಷ್ಟು ವರ್ಷವಾದರೂ ಅದರಲ್ಲಿ ನನ್ನ ಮಗಳು ಯಾರು ಅಂತ ನನಗೆ ಒಮ್ಮೆಯೂ ಖಾತ್ರಿಯಾಗಿಲ್ಲ.

ಈ ಸಲ ಡಿಸೆಂಬರಿನಲ್ಲಿ ಇಳಾ ಫೋನಿನಿಂದ ತಲೆಯೆತ್ತದೆ ಹೇಳಿದಳು. "ಅಮ್ಮಾ, ನೆಕ್ಸ್ಟ್ ಇಯರ್ ಯು ಡೋಂಟ್ ಹ್ಯಾವ್ ಟು ಕಮ್. ಸ್ಕೂಲ್ ಕ್ಲಬ್ ಹ್ಯಾಸ್ ಅ ಬಸ್. ಐ ವಿಲ್ ಗೋ ವಿತ್ ಫ್ರೆಂಡ್ಸ್."

ಒಳ್ಳೆಯದೇ ಅಲ್ಲವೇ? ಶನಿವಾರ ಬೆಳಗ್ಗೆ ಮಲಗಬಹುದು. ಹೈವೇ ಮೇಲೆ ಹಿಮದಲ್ಲಿ ಜೀವ ಕೈಯಲ್ಲಿ ಹಿಡಿದು ಓಡಿಸುವುದು ತಪ್ಪಿತು. ಆದರೆ ಮನೆಯಲ್ಲಿ ಅವಳ ಕಿವಿಯಲ್ಲಿ ಸದಾ ಇಯರ್‌ಫೋನು. "ಸ್ಕೂಲ್ ಹೇಗಿತ್ತು?" "ಫೈನ್." "ಊಟ?" "ಲೇಟರ್." ನನ್ನ ಪಾಲಿಗೆ ಇನ್ನು ಉಳಿದಿರುವುದು ಈ ಒಂದು ಚಳಿಗಾಲ. ಅವಳ ಜೊತೆ ಒಮ್ಮೆಯಾದರೂ ಆ ಗುಡ್ಡ ಇಳಿಯಬೇಕು ಅನ್ನಿಸಿತು. ಮಹಾ ಸಾಹಸವೇನೂ ಬೇಡ. ಪುಟ್ಟ ಮಕ್ಕಳು ಇಳಿಯುವ ಬನ್ನಿ ಹಿಲ್ ಸಾಕು.

ಗಂಡ ಪ್ರಕಾಶ ಹುಬ್ಬಳ್ಳಿಯವರು. ವಿಷಯ ಕೇಳಿ ಎದ್ದು ನಿಂತೇಬಿಟ್ಟರು. "ಗಿಡಾಗಿ ಬಗ್ಗದ್ದು ಮರಾಗಿ ಬಗ್ಗತೈತೇನ? ಎಲುಬು ಮುರಕೊಂಡರ ರೆಕ್ಸ್‌ಡೇಲಿಗೆ ಶಿಫ್ಟಿಗೆ ಯಾರು ಹೋಗಾವ್ರು, ನಾನ?" ಅಂದರು. (ನಾನು ರೆಕ್ಸ್‌ಡೇಲಿನ ಒಂದು ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡುವವಳು. ಇಡೀ ದಿನ ಎರಡೂ ಕಾಲ ಮೇಲೆ ನಿಂತೇ ಇರುವ ಕೆಲಸ. ಆ ಕಾಲುಗಳಲ್ಲಿ ಯಾವುದು ಮುಂದೆ ಅಂತ ಅಲ್ಲಿ ಯಾರೂ ಕೇಳಿಲ್ಲ.)

ಸರಿ, ಮೊದಲ ಶನಿವಾರ. ಮಾರ್ಗರೆಟ್ ತೀರ್ಪಿನಂತೆ ಗೂಫಿ ಬೋರ್ಡು ಕಟ್ಟಿಕೊಂಡೆ. ಬಲಗಾಲು ಮುಂದೆ. ಬಿದ್ದೆ. ಎದ್ದೆ. ಏಳುವಾಗಲೇ ಮತ್ತೆ ಬಿದ್ದೆ. ಐದು ವರ್ಷದ ಚಿಳ್ಳೆಪಿಳ್ಳೆಗಳು ನನ್ನ ಅಕ್ಕಪಕ್ಕದಲ್ಲಿ ಸುಯ್ಯನೆ ಹೋದವು. ಅದರಲ್ಲೊಂದು ನಿಂತು "ಆರ್ ಯು ಓಕೆ?" ಅಂತ ವಿಚಾರಿಸಿಕೊಂಡು ಬೇರೆ ಹೋಯಿತು. ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ.

ಪಾಠ ಮುಗಿದ ಮೇಲೆ ಇಳಾ ಬಂದಳು. ನನ್ನ ಪಕ್ಕದಲ್ಲೇ ಇಳಿದಳು. ನಾನು ನಾಲ್ಕು ಮಾರು ಜಾರುವುದು, ದೊಪ್ಪನೆ ಕೂರುವುದು. ಅವಳು ಬಿದ್ದೂ ಬಿದ್ದೂ ನಗುವುದು, ಕೈಹಿಡಿದು ಎಬ್ಬಿಸುವುದು. ಹೀಗೆ ಇಳಿಯುತ್ತಾ ಇಳಿಯುತ್ತಾ ಏನೇನೋ ಹೇಳಿದಳು. ಅವಳ ಗೆಳತಿಯೊಬ್ಬಳು ಲಂಚಿನಲ್ಲಿ ಜೊತೆಗೆ ಕೂರುವುದನ್ನು ಬಿಟ್ಟಿದ್ದಾಳಂತೆ. ಯಾಕೆ ಅಂತ ಗೊತ್ತಿಲ್ಲವಂತೆ. ನಾನು ಬೀಳದಿರುವ ಚಿಂತೆಯಲ್ಲಿ "ಹೂಂ, ಹೂಂ" ಎಂದೆ. ಕೆಳಗೆ ಬಂದಾಗ ಹೇಳಿದಳು, "ಅಮ್ಮಾ, ಐ ಥಿಂಕ್ ಯು ಆರ್ ರೆಗ್ಯುಲರ್. ಸಮ್ಮರಲ್ಲಿ ನನ್ನ ಸ್ಕೇಟ್‌ಬೋರ್ಡ್ ಮೇಲೆ ಯು ಪುಟ್ ಯುವರ್ ಲೆಫ್ಟ್ ಫುಟ್, ರಿಮೆಂಬರ್?"

ಹೌದಲ್ಲ! ಬೇಸಿಗೆಯಲ್ಲಿ ಸ್ಟ್ರೀಟ್ಸ್‌ವಿಲ್ಲಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ತಮಾಷೆಗೆ ಅವಳ ಸ್ಕೇಟ್‌ಬೋರ್ಡು ಹತ್ತಿದ್ದೆ. ಎಡಗಾಲು ಹಲಗೆಯ ಮೇಲೆ, ಬಲಗಾಲಲ್ಲಿ ನೆಲ ತಳ್ಳುತ್ತಾ ಎರಡು ಕಾರಿನಷ್ಟು ದೂರ ಹೋಗಿದ್ದೆ. ಅವತ್ತು ಯಾರೂ ದಬ್ಬಿರಲಿಲ್ಲ. ಯಾರೂ ಹೆಸರಿಟ್ಟಿರಲಿಲ್ಲ.

ಮನೆಗೆ ಬಂದು ಅಡುಗೆಮನೆಯಲ್ಲಿ ಪರೀಕ್ಷೆ ಶುರು. ನನಗೆ ಗೊತ್ತಿದ್ದು ದಬ್ಬಿದರೆ ಬಲಗಾಲು ಬಂತು. ಚಪಾತಿ ಲಟ್ಟಿಸುವಾಗ ಇಳಾ ಕಳ್ಳಹೆಜ್ಜೆಯಲ್ಲಿ ಬಂದು ದಬ್ಬಿದರೆ ಎಡಗಾಲು. ಇನ್ನೊಮ್ಮೆ ದಬ್ಬಿದಳು, ಬಲ. ಮತ್ತೊಮ್ಮೆ, ಎಡ. ಇದೇನು ಕಾಲೋ ಕಾರಿನ ವೈಪರೋ? ಪ್ರಕಾಶರನ್ನು ದಬ್ಬಿದೆವು. ಅವರು ಯಾವ ಕಾಲನ್ನೂ ಇಡದೆ ಫ್ರಿಜ್ಜನ್ನು ತಬ್ಬಿಕೊಂಡರು.

"ಅಜ್ಜೀನ ಟ್ರೈ ಮಾಡೋಣ!" ಎಂದಳು ಇಳಾ. ನಮ್ಮ ಅತ್ತೆ ಡೈನಿಂಗ್ ಟೇಬಲ್ಲಿನ ಹತ್ತಿರ ನಿಂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಸೊಸೆಯಾದವಳು ಅತ್ತೆಯನ್ನು ಹಿಂದಿನಿಂದ ದಬ್ಬಿದಳು ಅಂದರೆ ಮಿಸ್ಸಿಸ್ಸಾಗದಿಂದ ಹುಬ್ಬಳ್ಳಿಯವರೆಗೆ ಸುದ್ದಿಯಾಗುವುದಿಲ್ಲವೇ? ನಾನು ಹಿಂದೆ ಸರಿದೆ. ಇಳಾ ಮೆಲ್ಲಗೆ ನೂಕಿದಳು. ಅತ್ತೆ ಎಡವೂ ಇಲ್ಲ, ಬಲವೂ ಇಲ್ಲ, ಗಕ್ಕನೆ ತಿರುಗಿ ಮೊಮ್ಮಗಳ ಜುಟ್ಟು ಹಿಡಿದರು.

ಎಲ್ಲ ಕೇಳಿದ ಮೇಲೆ ಅವರಂದರು. "ಕುಣೀಲಿಕ್ಕೆ ಬರದಾಕಿ ನೆಲ ಡೊಂಕು ಅಂದಳಂತ. ಈಗ ಕಾಲಿನ ಮ್ಯಾಲೆ ಹಾಕಾಕ್ಹತ್ತೀ ಏನ? ಹಂಗ ನೋಡಿದರ ನೀ ಮದಿವ್ಯಾದಾಗ ಸೇರು ಒದ್ದಿದ್ದು ಎಡಗಾಲಲೇ."

ನನ್ನ ಕೈಯಿಂದ ಲಟ್ಟಣಿಗೆ ಜಾರಿತು. ಮನೆ ತುಂಬಿಸಿಕೊಳ್ಳುವಾಗ, ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಎಡಗಾಲಲ್ಲಿ? ನಾನು?

"ಇಲ್ಲ ಅತ್ತೆ! ಬಲಗಾಲಲ್ಲೇ ಒದ್ದೆ. ಫೋಟೋನೂ ಇದೆಯಲ್ಲ!"

"ಅದು ಎರಡನೇ ಸಲದ್ದು. ಫ್ಲ್ಯಾಶ್ ಬೀಳಲಿಲ್ಲ, ಇನ್ನೊಮ್ಮೆ ಒದೀರಿ ಅಂದ ಫೋಟೋದಾಂವ. ನಾನೇ ಮತ್ತ ಅಕ್ಕಿ ತುಂಬಿ ಇಟ್ಟೆ. ಬಲಗಾಲು ಅಂತ ಕಿವ್ಯಾಗ ಹೇಳಿದೆ. ನೆನಪಿಲ್ಲೇನ?"

ಪ್ರಕಾಶ ಬೆರಗಾದರು. "ಅವ್ವಾ, ಇಷ್ಟ ವರ್ಷ ಹೇಳೇ ಇಲ್ಲಲ್ಲ!"

"ಏನ ಹೇಳೂದೋ? ಅಕ್ಕಿ ಅಂತೂ ಮನಿ ಒಳಗ ಬಿತ್ತಲ್ಲ" ಅಂತ ಅವರು ಸೊಪ್ಪಿನ ಕಡ್ಡಿ ಎತ್ತಿಕೊಂಡು ಹೋದರು.

ಆ ರಾತ್ರಿ ನನಗೆ ಪೂರ್ತಿ ಗೊಂದಲ. ನಾನು ಈ ಮನೆಗೆ ಬಂದದ್ದು ಯಾವ ಕಾಲಲ್ಲಿ? ಮೊದಲು ಒದ್ದದ್ದೋ, ಫೋಟೋದಲ್ಲಿ ಇರುವುದೋ? ಸಂಸಾರವಂತೂ ನಡೆದಿದೆ. ಜಗಳ, ಸಾಲ್ಮನ್ ಮೀನಿನ ವಾಸನೆ ಬರುವ, ಬಾಡಿಗೆಗಿದ್ದ ಮೊದಲ ಬೇಸ್‌ಮೆಂಟು, ಸ್ವಂತ ಮನೆ, ಇಳಾ, ಎಲ್ಲವೂ. ಇದರಲ್ಲಿ ಯಾವುದು ಎಡಗಾಲಿನದು, ಯಾವುದು ಬಲಗಾಲಿನದು ಅಂತ ಹೇಗೆ ಬೇರೆ ಮಾಡುವುದು?

ಮುಂದಿನ ಶನಿವಾರ ಬಾಡಿಗೆ ಕೌಂಟರಿನಲ್ಲಿ "ರೆಗ್ಯುಲರ್" ಎಂದೆ. ಬೋರ್ಡಿನ ತಿರುಪು ಬಿಚ್ಚಿ, ಪಟ್ಟಿ ತಿರುಗಿಸಿ ಕೊಟ್ಟರು. ಎಡಗಾಲು ಮುಂದೆ. ನಂಬುತ್ತೀರೋ ಇಲ್ಲವೋ, ಮಧ್ಯಾಹ್ನದ ಹೊತ್ತಿಗೆ ಬನ್ನಿ ಹಿಲ್ಲನ್ನು ಮೇಲಿಂದ ಕೆಳಗಿನವರೆಗೆ ಬೀಳದೆ ಇಳಿದುಬಿಟ್ಟೆ! ಮಾರ್ಗರೆಟ್ ಚಪ್ಪಾಳೆ ತಟ್ಟಿದಳು. ನನಗೆ ಕೂಗಿಕೊಳ್ಳುವಷ್ಟು ಖುಷಿ. ಗಾಳಿ ಮುಖಕ್ಕೆ ಬಡಿಯುತ್ತಾ, ಹಲಗೆ ಕೆಳಗೆ ಹಿಮ ಸರ್ ಅನ್ನುತ್ತಾ... ಈ ಮಕ್ಕಳು ಇದನ್ನು ಯಾಕೆ ಬಿಡುವುದಿಲ್ಲ ಅಂತ ಈಗ ಗೊತ್ತಾಯಿತು.

ಕೊನೆಗೆ ಇಳಾ ಜೊತೆ ಇಳಿದೆ. ನಾನು ಬಯಸಿದ್ದು ಇದೇ ತಾನೇ? ಸರಾಗವಾಗಿ, ಒಮ್ಮೆಯೂ ಬೀಳದೆ, ಅಮ್ಮ ಮಗಳು ಪಕ್ಕಪಕ್ಕದಲ್ಲಿ.

ಆದರೆ ಏನೋ ಸರಿಯಿಲ್ಲ. ಅವಳು ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಕೆಳಗೆ ಬಂದು ಕೈಗೆ ಕೈ ತಟ್ಟಿದಳು, ಅಷ್ಟೇ. ಇನ್ನೊಂದು ಸಲ ಇಳಿದೆವು. ಆಗ ಗೊತ್ತಾಯಿತು. ಇಳಾ ಕೂಡ ರೆಗ್ಯುಲರ್. ಎಡಗಾಲು ಮುಂದಿಟ್ಟು ಅಡ್ಡ ನಿಂತರೆ ಇಬ್ಬರೂ ಬಲಕ್ಕೇ ಮುಖ ಮಾಡುತ್ತೇವೆ. ಅವಳು ನನ್ನ ಬಲಕ್ಕಿದ್ದಳು. ದಾರಿಯುದ್ದಕ್ಕೂ ನನಗೆ ಕಂಡದ್ದು ಅವಳ ಬೆನ್ನು. ಜಾಗ ಅದಲುಬದಲು ಮಾಡಿ ನೋಡಿದೆವು. ಈಗ ಅವಳಿಗೆ ನನ್ನ ಬೆನ್ನು, ನನಗೆ ಪೈನ್ ಮರಗಳು.

ಒಬ್ಬರು ರೆಗ್ಯುಲರ್, ಇನ್ನೊಬ್ಬರು ಗೂಫಿ ಆದರೆ ಮಾತ್ರ ಎದುರುಬದುರಾಗಿ ಇಳಿಯಬಹುದು ಎಂದಳು ಮಾರ್ಗರೆಟ್. ಹೋದ ವಾರ ಹಾಗೇ ಇಳಿದಿದ್ದೆವು, ನನಗೆ ಹೊಳೆದಿರಲಿಲ್ಲ.

"ನೀನೇ ಉಲ್ಟಾ ನಿಂತ್ಕೊಂಡು ಇಳಿಯೇ" ಎಂದೆ ಇಳಾಗೆ. "ನೋ ವೇ, ಅಮ್ಮಾ. ದಟ್ ಈಸ್ ಸೋ ಆಕ್ವರ್ಡ್" ಎಂದಳು. ವಾಪಸು ಬರುವಾಗ ಕಾರಿನಲ್ಲಿ ಇಯರ್‌ಫೋನು ಹಾಕಿಕೊಂಡಳು. ಹೈವೇ ಹತ್ತುವ ಹೊತ್ತಿಗೆ ಒಂದು ಕಿವಿಯದನ್ನು ತೆಗೆದು, ಕಿಟಕಿಯ ಕಡೆ ನೋಡುತ್ತಾ ಹೇಳಿದಳು.

"ಲಾಸ್ಟ್ ವೀಕ್ ವಾಸ್ ಬೆಟರ್, ಅಮ್ಮಾ. ಐ ಕುಡ್ ಸೀ ಯುವರ್ ಫೇಸ್."

ಆ ಗೆಳತಿ ಈಗ ಲಂಚಿಗೆ ಬರುತ್ತಿದ್ದಾಳೋ ಇಲ್ಲವೋ, ನಾನು ಕೇಳಿಯೇ ಇರಲಿಲ್ಲ. ಕೇಳಬೇಕು ಅನ್ನುವಷ್ಟರಲ್ಲಿ ಇಯರ್‌ಫೋನು ಮತ್ತೆ ಕಿವಿಗೆ ಹೋಗಿತ್ತು.

ನಾಳೆ ಮತ್ತೆ ಶನಿವಾರ. ಹಿಮ ಕರಗುತ್ತಾ ಬಂದಿದೆ, ಈ ಸೀಸನ್ನಿಗೆ ಇದೇ ಕೊನೆಯ ವಾರ ಅನ್ನುತ್ತಿದ್ದಾರೆ. ಕೌಂಟರಿನವರು ರೆಗ್ಯುಲರೋ ಗೂಫಿಯೋ ಅಂತ ಕೇಳಿಯೇ ಕೇಳುತ್ತಾರೆ.

ಮಗಳ ಬೆನ್ನು ನೋಡಿಕೊಂಡು ನೆಟ್ಟಗೆ ಇಳಿಯಲೋ, ಮುಖ ನೋಡಿಕೊಂಡು ಬೀಳಲೋ?