ಹ್ಯಾಂಡಲ್ ಮೇಲಿನ ಸಾಣೆಕಲ್ಲು

ಭಾವನ ಸೈಕಲ್‌ಗೆ ಬೆಲ್ ಇದ್ದದ್ದು ಬೀದಿಗಲ್ಲ, ಮನೆಗೆ. ಬೀದಿಗೆ ಅವರ ಗಂಟಲೇ ಸಾಕಿತ್ತು. "ಚಾಕೂ... ಕತ್ತರೀ... ಸಾಣೇ..." ಎಂದು ಎಳೆದು ಕೂಗಿದರೆ ಮೇಲಿನ ಮಹಡಿಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದವಳೂ ಕೈಯಲ್ಲಿನ ಚಾಕುವನ್ನು ಒಮ್ಮೆ ಅನುಮಾನದಿಂದ ನೋಡಿಕೊಳ್ಳಬೇಕು. ಸಂಜೆ ಮನೆಯ ತಿರುವಿಗೆ ಬಂದಾಗ ಮಾತ್ರ ಎರಡು ಸಲ ಬೆಲ್ ಹೊಡೆಯುತ್ತಿದ್ದರು. ಅದು ನನ್ನ ಅಕ್ಕನಿಗೆ. ಒಳಗೆ ಏನೇ ಮಾಡುತ್ತಿದ್ದರೂ ಅವಳು ಅದನ್ನು ಬಿಟ್ಟು ಒಲೆ ಹಚ್ಚಿ, ಟೀಗೆ ನೀರಿಟ್ಟು, ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು "ಬಂದ್ರಾ?" ಎನ್ನುತ್ತಿದ್ದಳು. ಕಣ್ಣೆದುರು ನಿಂತ ಗಂಡನನ್ನು ಬಂದ್ರಾ ಎಂದು ಕೇಳುವುದೇನು, ಇಲ್ಲ ಅಂದರೆ ವಾಪಸ್ ಕಳಿಸುತ್ತೀಯಾ ಎಂದು ನಾನು ರೇಗಿಸುತ್ತಿದ್ದೆ. ಭಾವ ಮಾತ್ರ "ಬಂದೆ" ಎಂದು ಉತ್ತರ ಕೊಟ್ಟ ಮೇಲೆಯೇ ಸೈಕಲ್ ಇಳಿಯುತ್ತಿದ್ದರು.

ಅವರ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೆ ಬ್ಲೌಸಿನ ಅಳತೆ ತೆಗೆಯುವಾಗ ಟೇಪನ್ನು ಸ್ವಲ್ಪ ಬಿಗಿಯಾಗಿಯೇ ಹಿಡಿಯುತ್ತೇನೆ. ಭಾವ ನನ್ನನ್ನು ಕರೆಯುತ್ತಿದ್ದದ್ದು ಗುಂಡುಸೂಜಿ ಎಂದು. ಚುಚ್ಚುವ ಬಾಯಿ ನನ್ನದು, ಸುಳ್ಳಲ್ಲ. ಆದರೆ ನನ್ನ ಕತ್ತರಿಗೆ ಅವರಷ್ಟು ಚೆನ್ನಾಗಿ ಸಾಣೆ ಹಿಡಿದವರು ಇನ್ನೊಬ್ಬರಿಲ್ಲ.

ಅವರ ಸೈಕಲ್ಲೇ ಅವರ ಕಾರ್ಖಾನೆ. ಹ್ಯಾಂಡಲ್‌ಗೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಚೌಕಟ್ಟು, ಅದರೊಳಗೆ ತಟ್ಟೆಯಗಲದ ಸಾಣೆಕಲ್ಲು. ಗಿರಾಕಿ ಸಿಕ್ಕಿದ ಕಡೆ ಸ್ಟ್ಯಾಂಡ್ ಹಾಕಿದರೆ ಹಿಂದಿನ ಚಕ್ರ ನೆಲ ಬಿಡುತ್ತದೆ. ಹೆಗಲ ಮೇಲಿನ ಬೆಲ್ಟನ್ನು ಆ ಚಕ್ರದಿಂದ ಕಲ್ಲಿಗೆ ಹಾಕಿ, ಸೀಟಿನ ಮೇಲೆ ಕೂತು ತುಳಿದರೆ ಕಲ್ಲು ತಿರುಗುತ್ತದೆ. ಕೆಲಸ ಮುಗಿದರೆ ಬೆಲ್ಟ್ ಮತ್ತೆ ಹೆಗಲಿಗೆ, ಸೈಕಲ್ ಮುಂದಿನ ಬೀದಿಗೆ. ಹಾಗೆ ಅವರು ಇಡೀ ಊರು ಸುತ್ತುತ್ತಿದ್ದರು. ಯಾವ ಹೋಟೆಲಿನ ಅಡುಗೆಯವನಿಗೆ ಹೆಂಡತಿಯ ಜೊತೆ ಜಗಳ, ಯಾವ ಮಾಂಸದಂಗಡಿಯವನು ಮಗಳ ಓದಿನ ವಿಷಯ ಹೇಳಿ ತಲೆ ತಿನ್ನುತ್ತಾನೆ, ಯಾವ ಕ್ಷೌರಿಕನಿಗೆ ತನ್ನ ತಲೆಯೇ ಬೋಳಾಗುತ್ತಿದೆ ಎಂಬ ಚಿಂತೆ, ಎಲ್ಲವೂ ಸಂಜೆಯ ಟೀ ಜೊತೆ ನಮ್ಮ ಮನೆಗೆ ಬರುತ್ತಿತ್ತು. ನಾವು ಅಕ್ಕತಂಗಿಯರು ಮನೆ ಬಿಟ್ಟು ಹೋಗುವವರಲ್ಲ. ಊರನ್ನು ನಾವು ನೋಡಿದ್ದೆಲ್ಲ ಆ ಸೈಕಲ್ ಮೇಲೆ ಬಂದದ್ದು.

ಒಂದು ಬೆಳಿಗ್ಗೆ ಇಳಿಜಾರಿನ ರಸ್ತೆಯಲ್ಲಿ, ನಿಂತಿದ್ದ ಕಾರಿನ ಬಾಗಿಲು ದಿಢೀರನೆ ತೆರೆಯಿತು. ಸೈಕಲ್ ಅದಕ್ಕೆ ಗುದ್ದಿ ಅಲ್ಲೇ ನಿಂತಿತು, ಭಾವ ನಿಲ್ಲಲಿಲ್ಲ. ಸೀಟಿನಿಂದ ಎದ್ದ ದೇಹ ನೇರ ಮುಂದಿದ್ದ ಚೌಕಟ್ಟಿಗೆ ಅಪ್ಪಳಿಸಿತು. ಎದೆಯ ನಡುವಿನ ಮೂಳೆ ಸೀಳಿತು, ಪಕ್ಕೆಲುಬುಗಳು ಮುರಿದವು. ಕೈಗಾಗಲಿ ಕಾಲಿಗಾಗಲಿ ಒಂದು ಗೀರೂ ಇಲ್ಲ. ಅಷ್ಟು ವರ್ಷ ಅನ್ನ ಕೊಟ್ಟ ಕಲ್ಲೇ ಎದೆಗೆ ಒದ್ದಿತ್ತು.

ಬಾಗಿಲು ತೆರೆದ ಮಹಾನುಭಾವ ಆಸ್ಪತ್ರೆಗೆ ಹಣ್ಣು ತಂದಿದ್ದ. ಮಂಚದ ಪಕ್ಕ ಕೂತು, "ನೀವೊಂದು ಬೆಲ್ ಹೊಡೆದಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ ನೋಡಿ" ಎಂದ. ನನಗೆ ಪಿತ್ತ ನೆತ್ತಿಗೇರಿತು. "ನೀವೊಂದು ಸಲ ಹಿಂದೆ ತಿರುಗಿ ನೋಡಿದ್ರೂ ಆಗ್ತಿರ್ಲಿಲ್ಲ. ನಿಮ್ಮ ಕತ್ತಿಗೇನು ಪ್ಲಾಸ್ಟರ್ ಹಾಕಿದ್ರಾ?" ಎಂದೆ. ಭಾವನಿಗೆ ನಗು ಬಂತು. ನಕ್ಕ ಕೂಡಲೇ ಮುಖ ಬೆಳ್ಳಗಾಗಿ, ಎರಡೂ ಕೈಯಲ್ಲಿ ಎದೆ ಅವುಚಿಕೊಂಡರು. ಅಕ್ಕ ನನ್ನನ್ನು ಹೊರಗೆ ತಳ್ಳಿದಳು. ಅಂದಿನಿಂದ ಆ ಮನೆಯಲ್ಲಿ ನನ್ನ ಬಾಯಿಗೆ ಬೀಗ. ಭಾವನನ್ನು ನಗಿಸುವುದೊಂದೇ ನಾನು ಆ ಮನೆಗೆ ಕೊಡುತ್ತಿದ್ದ ಬಾಡಿಗೆ, ಅದೂ ನಿಂತಿತು.

ತಿಂಗಳುಗಳು ಕಳೆದವು. ಡಾಕ್ಟರಮ್ಮ ಎಕ್ಸ್‌ರೇ ಫೋಟೋ ಹಿಡಿದು ತೋರಿಸಿ, "ಮೂಳೆ ಚೆನ್ನಾಗಿ ಕೂಡ್ಕೊಂಡಿದೆ. ನಿಧಾನವಾಗಿ ಸೈಕಲ್ ಶುರು ಮಾಡಿ, ಏನೂ ಆಗಲ್ಲ" ಎಂದರು. ಭಾವ ಮನೆಗೆ ಬಂದವರೇ ಸೈಕಲನ್ನು ಒರೆಸಿ, ಬಾಗಿಲ ಮುಂದೆ ಸ್ಟ್ಯಾಂಡ್ ಹಾಕಿ, ಬೆಲ್ಟ್ ಏರಿಸಿ ಕೂತರು. ಕಲ್ಲು ತಿರುಗಿತು. ನನ್ನ ಕತ್ತರಿ ಕೊಟ್ಟೆ. ಕಿಡಿ ಹಾರಿದಾಗ ಅಕ್ಕ ಬಾಗಿಲಲ್ಲಿ ನಿಂತು ಅತ್ತಳು. ಸುದ್ದಿ ಹರಡಿ, ಅಕ್ಕಪಕ್ಕದವರು ಚಾಕು ಹಿಡಿದುಕೊಂಡು ಬಂದರು. "ಸಾಣೆಯವರು ಎದ್ದು ಕೂತ್ರಲ್ಲ, ಇನ್ನೇನು ಬೇಕು!" ಎಂದು ಎಲ್ಲರೂ ಬೆನ್ನು ತಟ್ಟಿದರು. ಬೆನ್ನು ತಟ್ಟಿದರೂ ಎದೆ ನೋಯುತ್ತದೆ ಎಂದು ಭಾವ ಯಾರಿಗೂ ಹೇಳಲಿಲ್ಲ.

ಸ್ಟ್ಯಾಂಡ್ ಮೇಲೆ ತುಳಿಯಬಲ್ಲವರು ಸ್ಟ್ಯಾಂಡ್ ಎತ್ತಿದ ಮೇಲೆ ಹೋಗಲಾರದೆ ನಿಲ್ಲುತ್ತಿದ್ದರು. ಬೆಳಿಗ್ಗೆ ಸೈಕಲನ್ನು ತಳ್ಳಿಕೊಂಡು ಬೀದಿಗೆ ತರುವುದು, ಒಂದು ಕಾಲು ಪೆಡಲ್ ಮೇಲಿಡುವುದು, ಕಲ್ಲನ್ನು ನೋಡುವುದು. ಅಷ್ಟರಲ್ಲಿ ಬಲಗೈ ಹ್ಯಾಂಡಲ್ ಬಿಟ್ಟು ಎದೆಗೆ ಹೋಗಿರುತ್ತಿತ್ತು. ಒಂದೇ ಕೈಯಲ್ಲಿ ಅಷ್ಟು ಭಾರದ ಸೈಕಲ್ ಹೊಡೆಯಲಾದೀತೇ? ತಳ್ಳಿಕೊಂಡೇ ವಾಪಸ್. ಕೂಗಿನ ಕಥೆಯೂ ಅಷ್ಟೇ. "ಚಾಕೂ" ಎನ್ನುವಷ್ಟರಲ್ಲಿ ಉಸಿರು ಚುಚ್ಚಿ, "ಕತ್ತರಿ" ಗಂಟಲಲ್ಲೇ ಉಳಿಯುತ್ತಿತ್ತು.

"ಯಾಕ್ರೀ ಈ ಒದ್ದಾಟ? ಗಿರಾಕಿಗಳು ಮನೆಗೇ ಬರ್ತಿದಾರಲ್ಲ" ಎಂದಳು ಅಕ್ಕ.

"ಬರೋರು ಚಾಕು ಕೊಟ್ಟು ಮೊಬೈಲ್ ನೋಡ್ತಾ ನಿಲ್ತಾರೆ ಕಣೇ" ಎಂದರು ಭಾವ. "ಅವರ ಹತ್ತಿರ ಏನು ಮಾತು? ನಾನು ಹೋಗಿ ಬರ್ಬೇಕು."

ನಾನು ಬೀಗ ತೆಗೆದು ತಮಾಷೆ ಮಾಡಲು ಹೋದೆ. "ನನ್ನ ನೋಡಿ ಭಾವ. ಇಪ್ಪತ್ತು ವರ್ಷದಿಂದ ಮೆಷಿನ್ ತುಳೀತಾ ಇದೀನಿ, ಒಂದಡಿ ಮುಂದೆ ಹೋಗಿಲ್ಲ. ಆರಾಮಾಗಿಲ್ವಾ?"

ಅವರು ನಗಲಿಲ್ಲ. "ನೀನು ಹೋಗ್ಬೇಕು ಅಂತ ಕೂತಿರ್ಲಿಲ್ಲವಲ್ಲ, ಗುಂಡುಸೂಜಿ" ಎಂದರು. ಆ ದಿನ ಬ್ಲೌಸಿನ ಒಂದು ತೋಳನ್ನು ತಲೆಕೆಳಗಾಗಿ ಹೊಲಿದುಬಿಟ್ಟೆ, ಸಂಜೆಯೆಲ್ಲ ಬಿಚ್ಚುತ್ತಾ ಕೂತೆ.

ಆಮೇಲೆ ಅವರ ಮಾತು ಕಮ್ಮಿಯಾಯಿತು. ಊರಿನ ಸುದ್ದಿ ಇಲ್ಲ, ಟೀ ತಣ್ಣಗಾಗುತ್ತಿತ್ತು. ದೊಡ್ಡ ದನಿಯ ಮನುಷ್ಯ ಕುಗ್ಗುತ್ತಾ ಮೂಲೆಯ ಕುರ್ಚಿಯಷ್ಟಾಗಿಬಿಟ್ಟಿದ್ದರು. ಇವರು ಮತ್ತೆ ಸೈಕಲ್ ಹತ್ತದಿದ್ದರೆ ನಮ್ಮ ಕೈತಪ್ಪಿಹೋಗುತ್ತಾರೆ ಎಂದು ಅಕ್ಕನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು.

ಉಪಾಯ ಹೊಳೆದದ್ದು ಅಕ್ಕನಿಗೆ. ಕಲ್ಲು ಕಂಡರೇ ತಾನೇ ಕೈ ಎದೆಗೆ ಹೋಗುವುದು? ಕಲ್ಲು ತೆಗೆಸಿಬಿಡೋಣ. ಬರೀ ಸೈಕಲ್ ಹೊಡೆದು ಧೈರ್ಯ ಬರಲಿ, ಕಲ್ಲು ಆಮೇಲೆ ಹಾಕಿದರಾಯಿತು. ನನಗೂ ಅದು ಬಲು ಬುದ್ಧಿವಂತಿಕೆ ಎನಿಸಿತು. ಒಂದು ಮಧ್ಯಾಹ್ನ ಭಾವ ಕ್ಷೌರಕ್ಕೆ ಹೋಗಿದ್ದಾಗ ಸೈಕಲ್ ರಿಪೇರಿಯವನನ್ನು ಕರೆಸಿದೆವು. ಅವನು ತುಕ್ಕು ಹಿಡಿದ ಬೋಲ್ಟ್‌ಗಳಿಗೆ ಎಣ್ಣೆ ಬಿಟ್ಟು, ಚೌಕಟ್ಟನ್ನು ಕಲ್ಲಿನ ಸಮೇತ ಇಳಿಸಿ, ಹ್ಯಾಂಡಲನ್ನು ಒಂದು ಬೆರಳಲ್ಲಿ ಅತ್ತಿತ್ತ ಆಡಿಸಿ ತೋರಿಸಿದ. "ನೋಡಿ ಅಕ್ಕ, ಹೂವಿನ ಹಾಗಿದೆ. ಚಿಕ್ಕ ಮಕ್ಕಳೂ ಹೊಡೀಬಹುದು." ಬೆಲ್ ಒಂದನ್ನು ಮಾತ್ರ ಅದರ ಜಾಗದಲ್ಲೇ ಬಿಟ್ಟೆವು. ಚೌಕಟ್ಟನ್ನು ನನ್ನ ಮೆಷಿನ್ ಹಿಂದೆ ಬಚ್ಚಿಟ್ಟು ಮೇಲೆ ಬಟ್ಟೆ ಹೊದಿಸಿದೆವು.

ಕ್ಷೌರ ಮುಗಿಸಿ ಬಂದ ಭಾವ ಸೈಕಲ್ ಮುಂದೆ ನಿಂತರು. ತುಂಬ ಹೊತ್ತು ನೋಡಿದರು. ಏನೋ ಹೇಳಲು ಬಾಯಿ ತೆರೆದವರು ಅಕ್ಕನ ಮುಖ ನೋಡಿ ಸುಮ್ಮನಾದರು. ಅವಳು ಹಾಗೆ ಅರಳಿ ನಿಂತದ್ದನ್ನು ನಾವು ಕಂಡು ಎಷ್ಟೋ ಕಾಲವಾಗಿತ್ತು.

"ಒಂದೇ ಒಂದು ಸಲ ಹೊಡೀರಿ, ನನಗೋಸ್ಕರ" ಎಂದಳು.

ಭಾವ ಹತ್ತಿದರು. ಕೈ ಎದೆಗೆ ಹೋಗಲಿಲ್ಲ. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದ್ದೆ. ಒಂದೆರಡು ಮನೆ ದಾಟಿದರೋ ಇಲ್ಲವೋ, ಹ್ಯಾಂಡಲ್ ಎಡಕ್ಕೆ ಹೊರಳಿತು. ಭಾವ ತಿದ್ದಿದರು, ಅದು ಬಲಕ್ಕೆ ಇನ್ನೂ ಜೋರಾಗಿ ಹೊರಳಿತು. ಆ ಕೈಗಳು ಮೂವತ್ತು ವರ್ಷ ತಿರುಗಿಸಿದ್ದು ಕಲ್ಲಿನ ಭಾರವಿದ್ದ ಹ್ಯಾಂಡಲನ್ನು. ಆ ಭಾರಕ್ಕೆ ಬೇಕಾದ ಬಲವನ್ನೇ ಅವು ಕೇಳದೆ ಹಾಕುತ್ತಿದ್ದವು. ಹೂವಿನಂಥ ಹ್ಯಾಂಡಲ್ ಅಷ್ಟು ಬಲ ತಡೆಯುತ್ತದೆಯೇ? ಪೂರ್ತಿ ತಿರುಗಿ ನಿಂತಿತು. ಅದರ ತುದಿ ಎದೆಗೆ, ಅದೇ ಜಾಗಕ್ಕೆ, ತಿವಿಯಿತು.

ನಾವು ಓಡಿದೆವು. ಭಾವ ನೆಲದ ಮೇಲೆ ಕೂತು ಚಿಕ್ಕ ಚಿಕ್ಕ ಉಸಿರು ತೆಗೆದುಕೊಳ್ಳುತ್ತಿದ್ದರು. ಅಕ್ಕ ಅವರ ಭುಜ ಹಿಡಿದು, "ಭಾರ ಕಮ್ಮಿಯಾದ್ರೆ ಸುಲಭ ಆಗತ್ತೆ ಅಂದ್ಕೊಂಡೆ ರೀ, ಅಷ್ಟೇ" ಎನ್ನುತ್ತಲೇ ಇದ್ದಳು.

ಉಸಿರು ಹಿಡಿತಕ್ಕೆ ಬಂದ ಮೇಲೆ ಭಾವ ಹೇಳಿದರು. "ನಿನ್ನೆ ಬೆಳಿಗ್ಗೆ ನೀವಿಬ್ರೂ ಏಳೋ ಮುಂಚೆ ತಿರುವಿನ ತನಕ ಹೋಗಿ ಬಂದೆ ಕಣೇ. ಕಲ್ಲು ಇಟ್ಕೊಂಡೇ."

ಅಕ್ಕನ ಕೈ ಅವರ ಭುಜದ ಮೇಲೇ ನಿಂತಿತು.

"ಮತ್ತೆ ಹೇಳ್ಲೇ ಇಲ್ಲ?" ಎಂದೆ ನಾನು.

"ಒಂದು ದಿನ ಪೂರ್ತಿ ಊರು ಸುತ್ತಿ ಬಂದು, ಸಂಜೆ ಬೆಲ್ ಹೊಡೆಯೋಣ ಅಂತಿದ್ದೆ."

ಅಷ್ಟೇ ಅವರು ಹೇಳಿದ್ದು. ಬೈದಿದ್ದರೆ ಸಹಿಸಬಹುದಿತ್ತು. ಬೈಯುವುದಕ್ಕೂ ಎದೆಯಲ್ಲಿ ಉಸಿರು ಬೇಕು ತಾನೆ.

ಡಾಕ್ಟರಮ್ಮ ಮತ್ತೆ ಫೋಟೋ ತೆಗೆದು, ಮೂಳೆ ಗಟ್ಟಿಯಾಗಿದೆ, ಬರೀ ಪೆಟ್ಟು, ವಾರದಲ್ಲಿ ಸರಿಹೋಗುತ್ತದೆ ಎಂದರು. ನೋವು ವಾರದಲ್ಲೇ ಹೋಯಿತು. ರಿಪೇರಿಯವನು ತಲೆ ತಗ್ಗಿಸಿಕೊಂಡು ಬಂದು ಕಲ್ಲನ್ನು ಹ್ಯಾಂಡಲ್‌ಗೆ ಮತ್ತೆ ಕೂರಿಸಿದ. ಎಲ್ಲ ಮೊದಲಿನ ಹಾಗೇ ಇತ್ತು. ಆದರೆ ಈಗ ಭಾವ ಬೆಳಿಗ್ಗೆ ಸೈಕಲನ್ನು ಬೀದಿಗೆ ತಳ್ಳಲಿಲ್ಲ, ಒಂದು ಕಾಲು ಪೆಡಲ್ ಮೇಲಿಡಲೂ ಇಲ್ಲ. ನಾವು ಬೇಡಿದೆವು, ಗದರಿದೆವು, ಮುಖ ಊದಿಸಿಕೊಂಡು ಕೂತೆವು. ಕಲ್ಲಿಗೆ ಮಾತ್ರ ಹೆದರುತ್ತಿದ್ದವರು ಈಗ ತಮ್ಮ ಕೈಗಳಿಗೂ ಹೆದರುತ್ತಿದ್ದರು. ಅದಕ್ಕೆ ನಮ್ಮ ಹತ್ತಿರ ಮದ್ದಿರಲಿಲ್ಲ. ಯಾರ ಹತ್ತಿರವೂ ಇಲ್ಲ ಎಂದೇ ನನಗೆ ಈಗಲೂ ಅನ್ನಿಸುತ್ತದೆ.

ಒಂದು ದಿನ ಅವರೇ ರಿಪೇರಿಯವನಿಗೆ ಹೇಳಿಕಳಿಸಿದರು. ನಮಗೆ ಆಸೆ ಚಿಗುರಿತು. ಅವನು ಬಂದಾಗ ಕೈಯಲ್ಲಿ ಸ್ಪ್ಯಾನರ್ ಜೊತೆ ಒಂದು ಬಕೆಟ್ ಸಿಮೆಂಟೂ ಇತ್ತು.

"ತುಳಿದಾಗ ಸ್ಟ್ಯಾಂಡ್ ಅಲ್ಲಾಡತ್ತೆ" ಎಂದರು ಭಾವ, ನಮ್ಮ ಕಡೆ ನೋಡದೆ. "ಕಾಲು ಹೂತುಬಿಡು. ಇನ್ನು ತೆಗೆಯೋದೇನಿಲ್ಲ."

ರಿಪೇರಿಯವನು ಅಕ್ಕನ ಮುಖ ನೋಡಿದ. ಅಕ್ಕ ಒಳಗೆ ಹೋದಳು. ಬಾಗಿಲ ಪಕ್ಕ ಎರಡು ಗುಂಡಿ ತೋಡಿ, ಸ್ಟ್ಯಾಂಡಿನ ಎರಡೂ ಕಾಲುಗಳನ್ನು ಇಳಿಸಿ, ಸಿಮೆಂಟ್ ತುಂಬಿ, ಕರಣೆಯಿಂದ ಸಮ ಮಾಡಿದ. ಒಣಗುವ ತನಕ ಯಾರೂ ಮುಟ್ಟಬೇಡಿ ಎಂದ. ಯಾರು ಮುಟ್ಟುತ್ತಾರೆ?

ಈಗ ಭಾವ ದಿನವೂ ಅಲ್ಲಿ ಕೂತು ತುಳಿಯುತ್ತಾರೆ. ನಾನು ಕಿಟಕಿಯ ಒಳಗೆ ತುಳಿಯುತ್ತೇನೆ. ಅವರು ಹೊರಗೆ, ನಾನು ಒಳಗೆ, ಇಬ್ಬರೂ ಇದ್ದಲ್ಲೇ. ಇದನ್ನು ತಮಾಷೆಯಾಗಿ ಹೇಳಲು ಎಷ್ಟೋ ಸಲ ಬಾಯಿ ತುರಿಸಿದೆ, ಹೇಳಿಲ್ಲ.

ಮೊನ್ನೆ ಸಂಜೆ ಹೋಟೆಲಿನ ಅಡುಗೆಯವನು ತನ್ನ ದೊಡ್ಡ ಚಾಕು ತಂದಿದ್ದ. ಮೊದಲೆಲ್ಲ ಭಾವನೇ ಅವನ ಅಡುಗೆಮನೆಯ ಹಿಂಬಾಗಿಲಿಗೆ ಹೋಗುತ್ತಿದ್ದರು. ಮಾತಾಡಿಸಲು ಅವನು ಏನೇನೋ ಕೇಳಿನೋಡಿದ. ಭಾವ ಹೂಂ ಎಂದರು, ಅಷ್ಟೇ. ಕಾಯುತ್ತಾ ನಿಂತವನು ಸುಮ್ಮನಿರಲಾರದೆ ಹ್ಯಾಂಡಲಿನ ಬೆಲ್ ಮೇಲೆ ಬೆರಳಾಡಿಸಿದ. ಟ್ರಿಣ್, ಟ್ರಿಣ್. ಎರಡು ಸಲ.

ಒಳಗೆ ಒಲೆ ಹತ್ತಿದ ಸದ್ದು ಕೇಳಿತು. ಪಾತ್ರೆಗೆ ನೀರು ಬಿದ್ದ ಸದ್ದು ಕೇಳಿತು. ನನ್ನ ಕಾಲು ಮೆಷಿನ್ ಮೇಲೆ ನಿಂತುಬಿಟ್ಟಿತು. ಬೇಡ ಅಕ್ಕ ಎಂದು ಕೂಗುವಷ್ಟರಲ್ಲಿ ಅವಳು ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಾಗಿತ್ತು.

"ಬಂದ್ರಾ?" ಎಂದಳು.

ಭಾವ ತುಳಿಯುವುದನ್ನು ನಿಲ್ಲಿಸಿದರು. ಹಿಂದಿನ ಚಕ್ರ ಗಾಳಿಯಲ್ಲಿ ತನ್ನಷ್ಟಕ್ಕೆ ತಿರುಗಿ ನಿಧಾನವಾಯಿತು. ಅವರು ತಲೆಯೆತ್ತಿ ಅಕ್ಕನನ್ನು ನೋಡಿದರು. ಸಿಟ್ಟಿರಲಿಲ್ಲ, ತಮಾಷೆಯೂ ಇರಲಿಲ್ಲ. ನಿಜವಾಗಿ ಗೊತ್ತಿಲ್ಲದವರ ಹಾಗೆ ಕೇಳಿದರು.

"ಎಲ್ಲಿಂದ?"

ಅಡುಗೆಯವನು ಚಾಕು ತೆಗೆದುಕೊಂಡು ಹೊರಟುಹೋದ. ಒಳಗೆ ನೀರು ಕುದಿಯುತ್ತಿತ್ತು. ಇಟ್ಟದ್ದನ್ನು ಚೆಲ್ಲುವುದೇಕೆ ಎಂದು ಅವಳು ಟೀ ಮಾಡಿ ತಂದಳು, ಮೂವರೂ ಕುಡಿದೆವು.