ಎಡಭುಜಕ್ಕೊಂದು ರೈಫಲ್

ವರ್ನಾ ಹೌಗನ್ ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಮೊಂಟಾನಾದ ಆ ಕಣಿವೆಯಲ್ಲಿ ಅವಳ ಬೈಗುಳ ಕೇಳದೆ ಓದು ಮುಗಿಸಿದವರಿಲ್ಲ. ಮದುವೆಯ ಮಾತು ಬಂದರೆ, "ದಿನಾ ನಲವತ್ತು ಮಕ್ಕಳನ್ನ ಹೊತ್ಕೊಂಡು ತಿರುಗ್ತೀನಿ, ಸಾಲ್ದಾ?" ಎನ್ನುತ್ತಿದ್ದಳು. ಪ್ರತಿ ನವೆಂಬರಿನಲ್ಲಿ ಒಂದು ಜಿಂಕೆ ಹೊಡೆದು, ಚಳಿಗಾಲವಿಡೀ ಅದರಲ್ಲೇ ಅಡುಗೆ ಮಾಡಿಕೊಳ್ಳುವುದು ಅಪ್ಪನ ಕಾಲದಿಂದ ಬಂದ ರೂಢಿ. ಅಂಗಡಿಯ ಮಾಂಸ ಅವಳ ನಾಲಿಗೆಗೆ ಹತ್ತುತ್ತಿರಲಿಲ್ಲ.

ಐವತ್ತೆಂಟರ ವಯಸ್ಸಿನಲ್ಲಿ, ಒಂದು ಫೆಬ್ರವರಿ ಬೆಳಗ್ಗೆ, ಬಸ್ಸಿನ ಮೆಟ್ಟಿಲ ಮೇಲೆ ಕಟ್ಟಿದ್ದ ಹಿಮಕ್ಕೆ ಜಾರಿ ಬಿದ್ದು ಬಲಭುಜ ಮುರಿದುಕೊಂಡಳು. ಎರಡು ಸಲ ಕೊಯ್ದು ಹೊಲಿದಾದ ಮೇಲೆ ಡಾಕ್ಟರು, "ಬಸ್ಸು ಓಡಿಸಬಹುದು. ಆದರೆ ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಕೊಡೋ ಒದೆ ಈ ಭುಜಕ್ಕೆ ಇನ್ನು ಆಗೋದಿಲ್ಲ" ಎಂದರು.

ಆ ನವೆಂಬರಿನಲ್ಲಿ ಅವಳು ಮನೆಯಲ್ಲೇ ಉಳಿದಳು. ಮಾಂಸಕ್ಕೇನೂ ಕೊರತೆಯಾಗಲಿಲ್ಲ. ಅವಳ ಬಸ್ಸಿನಲ್ಲಿ ಬೆಳೆದು ದೊಡ್ಡವರಾದವರೇ ಪೊಟ್ಟಣ ಕಟ್ಟಿ ಬಾಗಿಲಿಗೆ ತಂದಿಟ್ಟು ಹೋದರು. ತಿನ್ನುವಾಗ ಅವಳ ಕಣ್ಣು ತುಂಬಿ ಬರುತ್ತಿತ್ತು. ಋಣದ ಭಾರ ಒಂದು ಕಡೆ, ಕೈಲಾಗದವಳಾದೆನಲ್ಲ ಎಂಬ ಸಂಕಟ ಇನ್ನೊಂದು ಕಡೆ.

ಹಿಮ ಕರಗುವ ಹೊತ್ತಿಗೆ ಆ ಸಂಕಟವೇ ಅವಳನ್ನು ಆರ್ಲೋ ಟ್ವೀಟ್‌ನ ಷೆಡ್ಡಿಗೆ ಕರೆದೊಯ್ದಿತು. ಆರ್ಲೋ ಮರದ ಮಿಲ್ಲಿನಲ್ಲಿ ಯಂತ್ರ ರಿಪೇರಿ ಮಾಡಿಯೇ ಮುದುಕನಾದವನು. ಎಪ್ಪತ್ತೊಂಬತ್ತಾಗಿತ್ತು. ಮರದ ಪುಡಿ ಕುಡಿದ ಶ್ವಾಸಕೋಶ ಹತ್ತು ಹೆಜ್ಜೆಗೇ ಏದುಸಿರು ಬಿಡುತ್ತಿತ್ತು; ಕೈ ಮಾತ್ರ ನಡುಗುತ್ತಿರಲಿಲ್ಲ. ಊರಿನ ಕೆಟ್ಟ ಬಂದೂಕುಗಳೆಲ್ಲ ಅವನ ಬಳಿಯೇ ಬರುತ್ತಿದ್ದವು.

ಅವಳ ಗೋಳನ್ನೆಲ್ಲ ಕೇಳಿ ಅವನು, "ಎಡಭುಜ ಚೆನ್ನಾಗಿದೆಯಲ್ಲ, ಅದೇನು ಶೋಕಿಗಾ?" ಎಂದ.

"ಎಡಗೈಯವರ ರೈಫಲ್ ರೇಟು ನೋಡಿದೀರಾ? ಹೊಸದು ತಗೊಂಡ್ರೆ ಬಂದೂಕನ್ನೇ ಬೇಯಿಸ್ಕೊಂಡು ತಿನ್ನಬೇಕು."

"ತಗೋ ಅಂತ ಯಾರಂದ್ರು? ಕಟ್ಟೋಣ. ನೋಡೋಕೆ ಕಾಗೆ ಥರ ಇರ್ಲಿ, ಕೆಲಸ ಮಾಡೋ ಭಾಗದಲ್ಲಿ ಮಾತ್ರ ಜಿಪುಣತನ ಬೇಡ."

ಹಾಗೆ ಶುರುವಾಯಿತು. ಪಕ್ಕದ ಊರಿನ ಗಿರವಿ ಅಂಗಡಿಯಲ್ಲಿ, ತುಕ್ಕು ತಿಂದ ನಳಿಗೆಯ, ಹಿಡಿ ಸೀಳಿದ ಒಂದು ಎಡಗೈ ರೈಫಲ್ ಸಿಕ್ಕಿತು. ಬಲಗೈಯವರೇ ತುಂಬಿದ ಊರಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ. ಆರ್ಲೋ ತೋಟಾ ಒಳಗೆ ತಳ್ಳುವ ಬೋಲ್ಟನ್ನು ಹಿಂದೆ ಮುಂದೆ ಜಾರಿಸಿ, ಬೆಳಕಿಗೆ ಹಿಡಿದು, "ಮೈ ಹೋಗಿದೆ, ಎಲುಬು ಗಟ್ಟಿ ಇದೆ" ಎಂದ. ಬಿಲ್ಲಿಂಗ್ಸ್ ಪಟ್ಟಣದಲ್ಲಿ ಯಾರೋ ಒಬ್ಬ ಇನ್ನೂ ದುಬಾರಿಯದು ಬೇಕೆಂದು ಬಿಚ್ಚಿಟ್ಟಿದ್ದ ಒಳ್ಳೆಯ ನಳಿಗೆ ಅಂಚೆಯಲ್ಲಿ ಬಂತು. ಹೆಚ್ಚು ಒದೆಯದ ಸಣ್ಣ ತೋಟಾದ್ದು. ಸೀಳಿದ ಹಿಡಿಗೆ ಆರ್ಲೋ ಅಂಟು ತುಂಬಿ, ಎರಡು ಹಿತ್ತಾಳೆ ಮೊಳೆ ಹೊಡೆದ. ಬೆರಳಲ್ಲಿ ಒತ್ತುವ ಕುದುರೆಯನ್ನು, ಅಂದರೆ ಟ್ರಿಗರನ್ನು, ಮಾತ್ರ ಹೊಸದೇ ಕೊಳ್ಳಿಸಿದ. ಗುರಿ ಹಿಡಿಯುವ ದುರ್ಬೀನನ್ನು ಬಿಗಿಯಲು ಇಂಥದೇ ಉಕ್ಕಿನ ಪಟ್ಟಿ ಎಂದು ಹೇಳಿಕಳಿಸಿದ; ಅದನ್ನೇ ತಂದು ಹಾಕಿದೆ ಎಂದಳು ವರ್ನಾ. ಕೂಲಿಯ ಮಾತೆತ್ತಿದರೆ ಕಿವಿ ಕೇಳಿಸದವನಂತೆ ಕೂತುಬಿಡುತ್ತಿದ್ದ. ಕಾಡಿನ ಹಕಲ್‌ಬೆರಿ ಹಣ್ಣು ತುಂಬಿ ಅವಳು ಬೇಯಿಸುವ ಪೈ ಎಂದರೆ ಚೆನ್ನಾಗಿ ಕೇಳಿಸುತ್ತಿತ್ತು. ಬೇಸಿಗೆಯಿಡೀ ವರ್ನಾ ಅಡುಗೆಮನೆಯಲ್ಲಿ ಖಾಲಿ ರೈಫಲನ್ನು ಎಡಭುಜಕ್ಕಿಟ್ಟು, ಕ್ಯಾಲೆಂಡರಿನ ಹಸುವಿಗೆ ಗುರಿಯಿಟ್ಟು ಅಭ್ಯಾಸ ಮಾಡಿದಳು.

ಸೆಪ್ಟೆಂಬರಿನಲ್ಲಿ ಇಬ್ಬರೂ ಹಳೆಯ ಜಲ್ಲಿ ಕ್ವಾರಿಗೆ ಹೋದರು. ಮೂರು ಗುಂಡು ಹಾರಿಸಿದಳು. ಮೂರೂ ಮೂರು ದಿಕ್ಕಿಗೆ ಹೋದವು.

ಆರ್ಲೋ ರೈಫಲ್ ಇಸಿದುಕೊಂಡು ದುರ್ಬೀನನ್ನು ಹಿಡಿದು ಅಲ್ಲಾಡಿಸಿದ. ಅದು ಸಡಿಲ ಹಲ್ಲಿನಂತೆ ಅಲುಗಿತು.

"ಈ ಪಟ್ಟಿ ನಾನು ಹೇಳಿದ್ದಲ್ಲ."

ವರ್ನಾ ನೆಲ ನೋಡಿದಳು. "ಅರ್ಧ ರೇಟಿಗೆ ಸಿಕ್ತು. ಅದೇ ಥರ ಇತ್ತು. ನಿಮಗೆ ಹೇಳಿದ್ದು ಸುಳ್ಳು."

"ಇದರಲ್ಲಿ ಹೊಡೆದು, ಜಿಂಕೆ ಹೊಟ್ಟೆಗೆ ಗುಂಡು ಬಿದ್ದು, ಎರಡು ದಿನ ಪೊದೆಯಲ್ಲಿ ನರಳಿ ಸತ್ರೆ? ಆ ಪಾಪ ಯಾರು ತಿನ್ನೋದು?"

ಇಪ್ಪತ್ತಾರು ವರ್ಷ ಊರಿನ ಮಕ್ಕಳನ್ನೆಲ್ಲ ಗದರಿಸಿದವಳು ಅಂದು ಮಗುವಿನ ಹಾಗೆ ನಿಂತಿದ್ದಳು. ಆರ್ಲೋ ರೈಫಲನ್ನು ತಾನೇ ಹಿಡಿದುಕೊಂಡು ಹೊರಟ. ಷೆಡ್ಡಿಗೆ ಬಂದವನೇ ಗೋಡೆಯ ಮೇಲಿದ್ದ ತನ್ನ ಸ್ವಂತ ರೈಫಲ್ ಇಳಿಸಿ, ಅದರ ಉಕ್ಕಿನ ಪಟ್ಟಿ ಬಿಚ್ಚತೊಡಗಿದ.

"ಅಯ್ಯೋ ಬೇಡಿ ಆರ್ಲೋ, ಅದು ನಿಮ್ದು!"

"ಸುಮ್ನಿರು ಮಾರಾಯ್ತಿ. ನಾನು ಗುಡ್ಡ ಹತ್ತಿ ಆರು ವರ್ಷ ಆಯ್ತು. ಗೋಡೆಗೆ ನೇತಾಡೋ ಬಂದೂಕಿಗೆ ಯಾವ ಜಿಂಕೆ ಬೀಳುತ್ತೆ? ಆ ಸ್ಕ್ರೂಡ್ರೈವರ್ ಕೊಡು."

ಮರುದಿನ ಕ್ವಾರಿಯಲ್ಲಿ ಮೂರೂ ಗುಂಡು ಗುರಿಯ ಕಾಗದದಲ್ಲಿ ಒಂದು ಬೊಗಸೆಯಷ್ಟು ಜಾಗದೊಳಗೆ ಬಿದ್ದವು. ಆರ್ಲೋ ಆ ಕಾಗದವನ್ನು ಮಡಚಿ ತನ್ನ ಜೇಬಿಗಿಟ್ಟುಕೊಂಡ.

ನವೆಂಬರಿನ ಎರಡನೆಯ ಶನಿವಾರ, ಬೆಳಗ್ಗೆ ಒಂಬತ್ತರ ಬಿಸಿಲಲ್ಲಿ, ಪೈನ್ ಮರಗಳ ಅಂಚಿಗೆ ಒಂದು ಗಂಡು ಜಿಂಕೆ ಬಂದು ಪಕ್ಕಕ್ಕೆ ತಿರುಗಿ ನಿಂತಿತು. ವರ್ನಾ ಉಸಿರನ್ನು ಅರ್ಧ ಬಿಟ್ಟು ಕುದುರೆ ಒತ್ತಿದಳು. ಎಡಭುಜಕ್ಕೆ ಯಾರೋ ಸ್ನೇಹಿತರು ತಟ್ಟಿದಷ್ಟೇ ಒದೆ. ಜಿಂಕೆ ನಿಂತಲ್ಲೇ ಕುಸಿಯಿತು.

ಅವಳು ಟೋಪಿ ತೆಗೆದು ಅದರ ಪಕ್ಕ ಹಿಮದಲ್ಲಿ ಕೂತಳು. ಮೊದಲು ಜಿಂಕೆಗೆ ಧನ್ಯವಾದ ಹೇಳಿದಳು. ಅದು ಅಪ್ಪ ಕಲಿಸಿದ್ದು. ಅಷ್ಟಕ್ಕೆ ಮನಸ್ಸು ತುಂಬಲಿಲ್ಲ. ಭುಜ ಹೊಲಿದ ಡಾಕ್ಟರಿಗೆ, ಬಾಗಿಲಿಗೆ ಮಾಂಸ ತಂದಿಟ್ಟವರಿಗೆ, ಹೆಸರೇ ಗೊತ್ತಿಲ್ಲದ ಆ ಬಿಲ್ಲಿಂಗ್ಸ್‌ನವನಿಗೆ, ಎಲ್ಲರಿಗೂ ಒಬ್ಬೊಬ್ಬರಿಗೇ ಬಾಯಿಬಿಟ್ಟು ಹೇಳಿದಳು. ಆರ್ಲೋನ ಹೆಸರನ್ನು ಎರಡು ಸಲ ಹೇಳಿದಳು. ಎದ್ದು ಜಿಂಕೆಯನ್ನು ಪ್ಲಾಸ್ಟಿಕ್ ಜಾರುಬಂಡಿಗೆ ಕಟ್ಟಿ, ಎಡಗೈಯಲ್ಲೇ ಎಳೆಯುತ್ತ ಹೊರಟವಳಿಗೆ ರಸ್ತೆ ಸೇರಲು ನಾಲ್ಕು ಗಂಟೆ ಹಿಡಿಯಿತು.

ಮರುದಿನ ಮಧ್ಯಾಹ್ನ ಅವಳು ಆರ್ಲೋನ ಒಲೆಯ ಮೇಲೇ ಜಿಂಕೆಯ ಗುಂಡಿಗೆಯನ್ನು ತೆಳ್ಳಗೆ ಹೆಚ್ಚಿ, ಬೆಣ್ಣೆ ಈರುಳ್ಳಿಯಲ್ಲಿ ಹುರಿದಳು. ಅದು ಅವನ ಕಟ್ಟುಹಲ್ಲಿಗೆ ಬಗ್ಗದೆಂದು ಇನ್ನಷ್ಟು ಸಣ್ಣಗೆ ಕೊಚ್ಚಿ ತಟ್ಟೆಗೆ ಬಡಿಸಿದಳು.

"ಎಷ್ಟು ಗುಂಡು?" ಆರ್ಲೋ ಕೇಳಿದ.

"ಒಂದೇ."

ಅವನು ಬಹಳ ಹೊತ್ತು ಅಗಿದ. ಕಣ್ಣು ಒದ್ದೆಯಾಗಿತ್ತು; ಈರುಳ್ಳಿ ಎಂದು ಬೈದುಕೊಂಡ. ಆಮೇಲೆ ಖಾಲಿ ತಟ್ಟೆಯನ್ನು ಅವಳ ಕಡೆ ತಳ್ಳಿ, "ಉಪ್ಪು ಕಮ್ಮಿ. ಇನ್ನೊಂದು ಸ್ವಲ್ಪ ಹಾಕು, ನೋಡೋಣ" ಎಂದ.